ಜೀಪಿಗೆ ಅಳತೆ ತೆಗೆದ ಕಾಕಾ

ನಮ್ಮ ಕಾಕಾನಿಗೆ ಸ್ವಲ್ಪ ಹುಚ್ಚಿದೆ ಎಂದು ಮೂಡಲಗಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದವರ ಪ್ಯಾಂಟು ಮುಂದಿನ ಸಲ ಸೊಂಟದಲ್ಲಿ ಬಿಗಿಯಾಗುತ್ತದೆ! ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಊರಿನ ಹಳೆಯ ಟೇಲರ್. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವನನ್ನು ನೋಡಿದವರಿಲ್ಲ. ಮದುವೆಗೂ ಹಾಕಿಕೊಂಡೇ ಬರುತ್ತಾನೆ, ಮಣ್ಣಿಗೂ ಹಾಕಿಕೊಂಡೇ ಬರುತ್ತಾನೆ. ಮಾತನಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಭುಜ ನೋಡುತ್ತಾನೆ. ಊರಿನ ಹಿರಿಯರೊಬ್ಬರು ತೀರಿಕೊಂಡಾಗ ಎಲ್ಲರೂ ಅವರ ಗುಣ ನೆನೆದು ಅಳುತ್ತಿದ್ದರೆ, ಇವನು ಎದೆಯಳತೆ ನೆನೆದು ಅಳುತ್ತಿದ್ದ.

ರೆಡಿಮೇಡ್ ಎಂಬ ಶಬ್ದ ಕೇಳಿದರೆ ಅವನ ಮೈಯೆಲ್ಲ ಉರಿ. ನನ್ನ ಮದುವೆಯಲ್ಲಿ ಗೋಕಾಕದ ಬೀಗರು ವರನಿಗೆ ರೆಡಿಮೇಡ್ ಕೋಟು ತಂದಿದ್ದರು. ತೋಳು ಒಂದು ಬೆರಳು ಉದ್ದವಾಗಿದೆ ಎಂದು ಕಾಕಾ ಅದನ್ನು ಬಿಚ್ಚಿಸಿಕೊಂಡು ಹೋದವನು ಅಕ್ಷತೆ ಬಿದ್ದ ಮೇಲೆಯೇ ತಂದುಕೊಟ್ಟ. ನಮ್ಮ ಆಲ್ಬಮ್ಮಿನಲ್ಲಿ ನನ್ನ ಗಂಡ ತಾಳಿ ಕಟ್ಟುವಾಗ ಬರೀ ಅಂಗಿಯಲ್ಲಿದ್ದಾನೆ, ಊಟಕ್ಕೆ ಕುಳಿತಾಗ ಕೋಟಿನಲ್ಲಿದ್ದಾನೆ. ಇವನಿಗೆ ಹೆಂಡತಿಗಿಂತ ಹೋಳಿಗೆಯ ಮೇಲೆಯೇ ಗೌರವ ಹೆಚ್ಚೆಂದು ನೋಡಿದವರು ಅಂದುಕೊಳ್ಳುತ್ತಾರೆ. ಅದು ಸುಳ್ಳೆಂದು ನಾನೂ ವಾದ ಮಾಡುವುದಿಲ್ಲ.

ಜೀವಮಾನವಿಡೀ ಸೈಕಲ್ಲಿನಲ್ಲೇ ತಿರುಗಿದ ಈ ಮನುಷ್ಯ, ಇದ್ದಕ್ಕಿದ್ದಂತೆ ಕಣಗಲಾದಿಂದ ಒಂದು ಹಳೆಯ ಜೀಪು ಕೊಂಡು ತಂದ. ಟಾಪಿಲ್ಲದ ಜೀಪು. "ಟಾಪ್ ಏನ, ನಾನ ಹೊಲೀತೇನಿ" ಎಂದ. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ನಮ್ಮ ಮನೆಯವರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಜೀಪು ಯಾರಿಗಾಗಿ ಎಂದು ನಮಗೆ ಗೊತ್ತಿತ್ತು.

ನಮ್ಮ ಕಡೆ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಡುತ್ತಾರೆ. ನಾನೂ ಗೋಕಾಕದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮೂಡಲಗಿಯಲ್ಲಿ ಇಳಿದು, ಗದ್ದಲವನ್ನು ಬೈಯುತ್ತಾ ಮನೆ ಸೇರುತ್ತೇನೆ. ಕಾಕಾನ ಹೆಂಡತಿ, ನಮ್ಮ ಕಾಕು, ಮಾತ್ರ ಎಲ್ಲಿಗೂ ಹೋಗುವುದಿಲ್ಲ. "ಪಂಚಮ್ಯಾಗ ನನ್ನ ತವರ ನೀರಾಗ ಇರತೈತಿ. ನಾ ಏನ ಮೀನ ಅದೀನೇನ ಹೋಗಾಕ?" ಎಂದು ನಗುತ್ತಾಳೆ. ಆ ನಗು ನಮಗೆಲ್ಲ ಬಾಯಿಪಾಠವಾಗಿದೆ. ಅದರ ಹಿಂದೆ ಏನಿದೆ ಎಂಬುದೂ ಗೊತ್ತಿದೆ.

ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಡ್ಯಾಂ ಕಟ್ಟಿದಾಗ ಅವಳ ಊರು ಮುಳುಗಿತು. ಆಗ ಅವಳು ಲಂಗ ಹಾಕುವ ಹುಡುಗಿ. ಲಗ್ನವಾಗುವ ಹೊತ್ತಿಗೆ ಅಪ್ಪ ಅವ್ವ ಬೇರೆ ಊರಿನಲ್ಲಿದ್ದರು, ಆಮೇಲೆ ಅವರೂ ಹೋದರು. ಒಮ್ಮೆ ಕಾಕಾ ಅವಳನ್ನು ಡ್ಯಾಂ ತೋರಿಸಲು ಕರೆದುಕೊಂಡು ಹೋಗಿದ್ದ. ಉಳಿದವರೆಲ್ಲ ಗೇಟಿನಿಂದ ಬೀಳುವ ನೀರು ನೋಡುತ್ತಿದ್ದರೆ ಇವಳು ತುಂಬಿ ನಿಂತ ನೀರಿನ ಕಡೆ ಬೆರಳು ಮಾಡಿ, "ಅಲ್ಲಿ ನಮ್ಮ ಓಣಿ, ಅದರ ಬಾಜೂಕ ಬಾವಿ" ಎನ್ನುತ್ತಿದ್ದಳಂತೆ. ಕಾಕಾ ಅವಳ ಬೆರಳು ತೋರಿದ ಕಡೆಯೇ ನೋಡಿದ. ಕಂಡದ್ದು ನೀರೇ. ಅಂದಿನಿಂದ ಅವನಿಗೆ ಒಂದೇ ಧ್ಯಾನ, ಇವಳನ್ನು ಒಮ್ಮೆ ತವರಿಗೆ ಕಳಿಸಬೇಕು.

ಬೇಸಿಗೆ ಬಿರುಸಾದ ವರ್ಷ ನೀರು ಹಿಂದೆ ಸರಿದು ಆ ಊರಿನ ಕಲ್ಲುಗಳು ಹೊರಗೆ ಕಾಣುತ್ತವೆ. ಈ ಬೇಸಿಗೆ ಹತ್ತರಗಿಯ ನೆಂಟರು ಫೋನ್ ಮಾಡಿ, ನೀರು ಬಹಳ ಇಳಿದಿದೆ, ಮನೆಗಳ ಅಡಿಪಾಯ ಕಾಣುತ್ತಿದೆ ಎಂದರು. ಮಳೆ ಬಂದರೆ ಮತ್ತೆ ಎಲ್ಲ ಮುಚ್ಚಿಹೋಗುತ್ತದೆ. ಕಾಕುವಿನ ಮೊಣಕಾಲುಗಳು ಅಷ್ಟು ದೂರ ನಡೆಯುವ ಸ್ಥಿತಿಯಲ್ಲಿಲ್ಲ, ಮುಂದಿನ ಸಲ ನೀರು ಇಳಿಯುವಷ್ಟರಲ್ಲಿ ಅವು ಇನ್ನಷ್ಟು ಕೆಡುತ್ತವೆ. ಕಾಕಾ ದಾರಿ ನೋಡಿ ಬರಲು ಒಬ್ಬನೇ ಹೋಗಿ, ನೀರು ಸರಿದ ನೆಲಕ್ಕೆ ಜೀಪು ಇಳಿಸಿದ. ಕಲ್ಲು, ಬಿರುಕು ಬಿಟ್ಟ ಕರಿಮಣ್ಣು. ಸ್ವಲ್ಪ ದೂರ ಹೋಗುವುದರೊಳಗೆ ಜೀಪಿನ ಹೊಟ್ಟೆ ಕಲ್ಲಿನ ಮೇಲೆ ಕುಳಿತು, ನಾಲ್ಕೂ ಗಾಲಿ ಸುಮ್ಮನೆ ತಿರುಗತೊಡಗಿದವು. ಕೊನೆಗೆ ಟ್ರ್ಯಾಕ್ಟರು ಬಂದು ಎಳೆಯಿತು.

ಹಾಗಾದರೆ ಟ್ರ್ಯಾಕ್ಟರಿನಲ್ಲೇ ಹೋಗಬಹುದಲ್ಲ ಎನ್ನುತ್ತೀರಾ? ಬೇಸಿಗೆಗೆಂದು ತವರಿಗೆ ಬಂದಿದ್ದ ನಾನೂ ಅದನ್ನೇ ಕೇಳಿದೆ.

"ಆ ಊರಿಂದ ಅಕಿ ಹೊರಬಿದ್ದದ್ದ ಟ್ರ್ಯಾಕ್ಟರಿನ ಟ್ರೇಲರಿನ್ಯಾಗ, ಮನಿ ಸಾಮಾನಿನ ಮ್ಯಾಲ ಕುಂತು" ಎಂದ ಕಾಕಾ. "ತವರಿಗೆ ಹೋಗೂಮುಂದ ಮತ್ತ ಹಂಗ ಹೋಗಬೇಕೇನ?"

ಮರುದಿನವೇ ಅಂಗಡಿಗೆ ಬಂದವರ ಮುಂದೆಲ್ಲ "ಲಿಫ್ಟ್ ಹಾಕಸಾಕತ್ತೇನಿ" ಎಂದು ಸಾರಿದ. ಪಕ್ಕದ ಮನೆಯಾಕೆ ಕಾಕುವನ್ನು ಕೇಳಿದಳು, "ನಿಮ್ಮ ಮನಿ ಮ್ಯಾಲ ಅಟ್ಟಾ ಸುದ್ದಾ ಇಲ್ಲ, ಲಿಫ್ಟ್ ಎಲ್ಲಿಗೆ ಹೋಗತೈತ್ರಿ?"

"ಅವರ ತಲಿಗೆ ಹೋಗೇತಿ ನೋಡ" ಎಂದಳು ಕಾಕು.

ಜೀಪನ್ನು ನೆಲದಿಂದ ಮೇಲೆತ್ತುವ ಸಾಮಾನಿಗೆ ಲಿಫ್ಟ್ ಕಿಟ್ ಎನ್ನುತ್ತಾರೆಂದು ನನಗೂ ಆಗಲೇ ತಿಳಿದದ್ದು. ಮೊಬೈಲಿನಲ್ಲಿ ಹುಡುಕಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ವಿಡಿಯೋದಲ್ಲಿ ಚಾಸಿ ಮತ್ತು ಬಾಡಿಯ ನಡುವೆ ದಪ್ಪ ರಬ್ಬರ್ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಎತ್ತುತ್ತಿದ್ದರು. ಅಗ್ಗದ ಉಪಾಯ. ಕಾಕಾ ಅದನ್ನು ನೋಡಿದ್ದೇ ತಡ, "ಭುಜಕ್ಕ ಪ್ಯಾಡ್ ಹಾಕಿದ್ರ ಮನಶ್ಯಾ ಎತ್ತರ ಆಗತಾನೇನ? ಹೊಟ್ಟಿ ಅಲ್ಲೇ ಇರತೈತಿ" ಎಂದು ತಳ್ಳಿಹಾಕಿದ. ಇನ್ನೊಂದರಲ್ಲಿ ಗಾಡಿಯ ಕುಲುಕು ತಡೆಯುವ ಕೆಂಪು ಶಾಕಪ್, ಹೊಸ ಪಾಟಾ ಎಲ್ಲ ಸೇರಿದ ಪೂರ್ತಿ ಕಿಟ್. ಪಾಟಾ ಎಂದರೆ ಗಾಲಿಯ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಕಬ್ಬಿಣದ ಪಟ್ಟಿ, ಜೀಪು ಕುಳಿತಿರುವುದೇ ಅದರ ಮೇಲೆ. ಕಿಟ್ಟಿನ ಬೆಲೆ ಕೇಳಿ ಕಾಕಾ ಮೊಬೈಲನ್ನು ಮಗುಚಿಟ್ಟ. "ರೆಡಿಮೇಡ್ ಅದು, ನಮಗ ಬ್ಯಾಡ" ಎಂದ. ನನಗೆ ಕಾಣದಂತೆ ಮತ್ತೆ ತಿರುಗಿಸಿ ಆ ಕೆಂಪು ಶಾಕಪ್ ನೋಡಿದ್ದು ನನಗೆ ಕಂಡಿತು. ಕಾಕಾನ ಕೈಗೆ ದುಡ್ಡು ಬರುವುದು ಶಾಲೆ ಶುರುವಾಗಿ ಯುನಿಫಾರ್ಮ್ ಹೊಲಿದು ಕೊಟ್ಟ ಮೇಲೆ. ಮಳೆ ಬರುವುದೂ ಆಗಲೇ! ದೇವರು ಈ ಎರಡನ್ನೂ ಒಂದೇ ತಿಂಗಳಿಗೆ ಯಾಕೆ ಇಟ್ಟನೋ.

ಕೊನೆಗೆ ನಾವು ಹೋದದ್ದು ಯಮಕನಮರಡಿಗೆ, ಹೈವೇ ಬದಿಗೆ ಲಾರಿಗಳ ಪಾಟಾ ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯ ಹತ್ತಿರ. ಕಾಕಾ ಟೇಪು ತೆಗೆದು ಜೀಪಿನ ಸೊಂಟ, ಎದೆ, ಉದ್ದ ಎಲ್ಲ ಅಳೆದ. ಮಿಸ್ತ್ರಿ ಬೀಡಿ ಹಚ್ಚಿಕೊಂಡು ನೋಡುತ್ತಾ ನಿಂತ.

"ಮಾಸ್ತರ್ರ, ಜೀಪಿಗೆ ಸಫಾರಿ ಹೊಲಿಯವರೇನ?"

"ಚೇಷ್ಟಿ ಬ್ಯಾಡ. ಸಾಲಿ ಹುಡುಗರ ಪ್ಯಾಂಟಿಗೆ ಕೆಳಗ ಮಡಚಿ ಬಿಟ್ಟಿರ್ತೀವಿ, ಎತ್ತರ ಆದ್ರ ಬಿಚ್ಚಾಕ. ಇದರಾಗ ಎಲ್ಲಿ ಬಿಟ್ಟಾರ?"

"ಇದನ್ನ ಮಾಡಿದಾವ ಟೇಲರ್ ಅಲ್ರಿ. ಹಳೇ ಪಾಟಾಕ್ಕ ಕಮಾನ ಹೆಚ್ಚಿಗಿ ಕೊಟ್ಟು, ಮ್ಯಾಲ ಒಂದೊಂದ ಪಾಟಾ ಕೂಡಸ್ತೇನಿ. ಎಷ್ಟ ಎತ್ತಲಿ? ಎರಡ ಇಂಚೋ, ನಾಕೋ?"

ಎರಡಾದರೆ ಹೊಟ್ಟೆ ಕಲ್ಲಿಗೆ ತಾಗಬಹುದು, ನಾಲ್ಕಾದರೆ ಜೀಪು ಓಲಾಡಬಹುದು. ಬಟ್ಟೆ ಕತ್ತರಿಸುವಾಗ ಕ್ಷಣವೂ ಯೋಚಿಸದ ಕಾಕಾ ಅಲ್ಲಿ ಎರಡು ಚಹಾ ಕುಡಿದ, ಮೂರನೆಯದನ್ನು ತಣ್ಣಗಾಗಲು ಬಿಟ್ಟ. ಆಮೇಲೆ, "ನಾಕ. ತವರಿಗೆ ಹೊಂಟವರು ದಾರ್‍ಯಾಗ ಸಿಗಬೀಳಬಾರದು" ಎಂದ.

ನಾಲ್ಕು ಇಂಚು ಎತ್ತರವಾದ ಜೀಪು ಮೂಡಲಗಿಗೆ ಬಂದಾಗ ಓಣಿಯೆಲ್ಲ ನೋಡಲು ನೆರೆಯಿತು. ಕಾಕಾನ ಎದೆಯೂ ಅಷ್ಟೇ ಉಬ್ಬಿತ್ತು. ಕಾಕು ಸೀರೆಯ ನಿರಿಗೆ ಹಿಡಿದು ಬಂದು, ಹತ್ತಲು ಒಂದು ಕಾಲು ಎತ್ತಿದಳು. ಪಾದ ಫುಟ್‌ರೆಸ್ಟ್ ಮುಟ್ಟಲಿಲ್ಲ. ಕೈಯಿಂದ ಮೊಣಕಾಲು ಹಿಡಿದು ಮತ್ತೆ ಎತ್ತಿದಳು. ನೋವಿಗೆ ಮುಖ ಕಿವುಚಿಕೊಂಡು ಕಾಲು ಇಳಿಸಿದಳು. "ಛಲೋ ಆಗೇತ್ರಿ ಗಾಡಿ" ಎಂದಳು. "ನೀವ ಹೋಗಿ ನೋಡಕೊಂಡ ಬರ್ರಿ. ಬಂದು ನನಗ ಹೇಳ್ರಿ."

ಊರಿಗೆಲ್ಲ ಅಳತೆ ತೆಗೆಯುವ ಟೇಲರ್ ಗಿರಾಕಿಯ ಅಳತೆಯನ್ನೇ ಮರೆತು ಹೊಲಿದಿದ್ದ! ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕಾಕಾ ಕೊರಳಿನ ಟೇಪು ತೆಗೆದು ಕಾಕುವಿನ ಮುಂದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. "ನೋಯಲಾರದಂಗ ಎಷ್ಟ ಎತ್ತತಿ, ಅಷ್ಟ ಎತ್ತು" ಎಂದ. ಅವಳು ನಾಚಿಕೊಂಡು ಎತ್ತಿದಳು. ನೆಲದಿಂದ ಅವಳ ಅಂಗಾಲಿನವರೆಗೆ ಅಳೆದ. ಟೇಪು ಕೊರಳಿಗೆ ಹಾಕಿಕೊಂಡು ಜೀಪು ಹತ್ತಿ ಮತ್ತೆ ಯಮಕನಮರಡಿಯ ದಾರಿ ಹಿಡಿದ.

ಎರಡು ಇಂಚು ಇಳಿಸಿಕೊಂಡು, ಫುಟ್‌ರೆಸ್ಟಿನ ಕೆಳಗೆ ಇನ್ನೊಂದು ಮೆಟ್ಟಿಲು ಬೆಸುಗೆ ಹಾಕಿಸಿಕೊಂಡು ಬಂದ. ಪಶ್ಚಿಮದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಮಾರನೆಯ ಬೆಳಿಗ್ಗೆಯೇ ಹೊರಟೆವು.

ಹುಕ್ಕೇರಿ ದಾಟಿ, ನೀರು ಬಿಟ್ಟುಹೋದ ನೆಲಕ್ಕೆ ಇಳಿದ ಕೂಡಲೇ ಕಾಕಾ ಸ್ಟೀರಿಂಗ್ ನನಗೆ ಕೊಟ್ಟು ಕೆಳಗಿಳಿದ. "ಹೊಟ್ಟಿಗೆ ತಾಗೂ ಕಲ್ಲ ನಾ ತಗೀತೇನಿ, ನೀ ಸಾವಕಾಶ ಬಾ" ಎಂದು ಮುಂದೆ ಮುಂದೆ ನಡೆದ. ಕಲ್ಲಿನ ಮೇಲೆ ಜೀಪು ಹೋಗಲೆಂದು ಬೇಸಿಗೆಯೆಲ್ಲ ಒದ್ದಾಡಿದ ಮನುಷ್ಯ, ಈಗ ಬಗ್ಗಿ ಬಗ್ಗಿ ಒಂದೊಂದೇ ಕಲ್ಲು ಎತ್ತಿ ಬದಿಗೆ ಹಾಕುತ್ತಿದ್ದ. ಹಾಗಾದರೆ ಇಷ್ಟೆಲ್ಲ ಮಾಡಿಸಿದ್ದು ಯಾಕೆ ಎಂದು ಕೇಳಬೇಕೆನಿಸಿತು. ಪಕ್ಕದಲ್ಲಿ ಕಾಕು ಸೆರಗಿನ ತುದಿ ಹಿಡಿದುಕೊಂಡು ಅವನ ಬೆನ್ನನ್ನೇ ನೋಡುತ್ತಿದ್ದಳು. ನಾನು ಕಲ್ಲು ಸರಿದಷ್ಟೇ ಜೀಪು ಮುಂದೆ ಬಿಟ್ಟೆ.

ಊರು ಬಂತು. ಊರೆಂದರೆ ಸಾಲು ಸಾಲು ಅಡಿಪಾಯದ ಕಲ್ಲು, ನಡುವೆ ಒಣಗಿದ ಕೆಸರು. ಕಾಕು ಮೆಟ್ಟಿಲ ಮೇಲೆ ಕಾಲಿಟ್ಟು ತಾನೇ ಇಳಿದಳು. ಎರಡು ಓಣಿ ದಾಟಿ ಮೂರನೆಯದರಲ್ಲಿ ನಿಂತಳು. ಕೆಸರಿನಲ್ಲಿ ಅರ್ಧ ಹೂತ ಹೊಸ್ತಿಲ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದಳು. ಒಳಗೆ ಮೂಲೆಯಲ್ಲಿ ಬಗ್ಗಿ ಕೈಯಿಂದ ಮಣ್ಣು ಸರಿಸಿದಳು. ನೆಲದಲ್ಲಿ ಹುಗಿದ ಒರಳುಕಲ್ಲು ಸಿಕ್ಕಿತು. ಅದರೊಳಗೆ ಕೈಯಿಟ್ಟುಕೊಂಡು ಅಲ್ಲೇ ಕುಳಿತು ಅತ್ತಳು. ನಾನೂ ಅತ್ತೆ.

ಕಾಕಾ ಮಾತ್ರ ಹೊಸ್ತಿಲಿನ ಹೊರಗೇ ನಿಂತಿದ್ದ. "ಒಳಗ ಬಾ ಕಾಕಾ" ಎಂದೆ.

"ಹೆಂಗ ಬರ್ಲಿ ತಂಗಿ?" ಎಂದ ಮೆಲ್ಲಗೆ. "ಈ ಮನಿಗೆ ಮೊದಲನೇ ಸಲ ಬಂದೇನಿ. ಅಳಿಯಾ ಅದೀನಿ. ಒಳಗಿನವರು ಕರೀಬೇಕಲ್ಲ?"

ಕಾಕು ಕಣ್ಣೊರೆಸಿಕೊಂಡು ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಡುಗೆಮನೆ ಇದ್ದ ಕಡೆ ತಿರುಗಿ, "ಯವ್ವಾ, ನಿನ್ನ ಅಳಿಯಾ ಬಂದಾರ" ಎಂದಳು. ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಇಸಿದುಕೊಂಡು ಹೋಗಿ ಅವನ ಕಾಲಿಗೆ ನೀರು ಕೊಟ್ಟಳು. ಕಾಕಾ ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡ.

"ಬರ್ರಿ ಒಳಗ" ಎಂದಳು ಕಾಕು. "ಬಾಗಲಾ ಗಿಡ್ಡ ಐತಿ, ತಲಿ ಬಗ್ಗಿಸ್ರಿ."

ಮೇಲೆ ಬರೀ ಆಕಾಶವಿತ್ತು. ಕಾಕಾ ತಲೆ ಬಗ್ಗಿಸಿ ಒಳಗೆ ಬಂದ.