ಹಿಂಚಕ್ರದ ವಿಮಾನವೂ ನಮ್ಮ ಬಾವನೂ

ಕೆಲವರ ಮನೆಯಲ್ಲಿ ಮದುವೆ, ನಾಮಕರಣಗಳಲ್ಲಿ ನಗು ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಆಸ್ಪತ್ರೆಗೋ ಸ್ಮಶಾನಕ್ಕೋ ಹೊರಟಾಗಲೇ ಅದು ಅಡ್ಡ ಬರುತ್ತದೆ. ಎಷ್ಟು ಬಿಗಿಹಿಡಿದರೂ ತಪ್ಪಿದ್ದಿಲ್ಲ.

ನಾನು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವನು. ಕೇಜು ಎಂಬ ಕಬ್ಬಿಣದ ಲಿಫ್ಟಿನಲ್ಲಿ ಅಪ್ಪ ಗಣಿಗೆ ಇಳಿದರು. ಅಕ್ಕನ ಗಂಡ, ಅಂದರೆ ನಮ್ಮ ಬಾವ, ಅವನೂ ಇಳಿದ. ನನ್ನ ಸರದಿ ಬರುವಷ್ಟರಲ್ಲಿ ಗಣಿಯೇ ಮುಚ್ಚಿತು. ವಿಮಾನದ ಎಂಜಿನ್ ರಿಪೇರಿ ಕಲಿತು ಕೆನಡಾದ ಉತ್ತರಕ್ಕೆ ಹೋದೆ. ರಸ್ತೆಯೇ ಇಲ್ಲದ ಊರುಗಳಿಗೆ ಡೀಸೆಲ್, ಹಿಟ್ಟು, ಹಲಗೆ ಸಾಗಿಸುವ ಸಣ್ಣ ಕಂಪನಿ. ಮೊದಲು ಸ್ಪ್ಯಾನರ್ ಹಿಡಿದೆ. ಆಮೇಲೆ ಲೈಸೆನ್ಸ್ ಪಡೆದು ಬಲಗಡೆ ಸೀಟಿನಲ್ಲಿ ಸಹಪೈಲಟ್ ಆಗಿ ಕೂತೆ.

ವಿಮಾನದ ಹೆಸರು ಕಮಾಂಡೊ. ಎರಡನೇ ಮಹಾಯುದ್ಧದ ಕಾಲದ್ದು. ಈಗಿನ ವಿಮಾನಗಳಿಗೆ ಮೂಗಿನ ಕೆಳಗೊಂದು ಚಕ್ರ ಇರುತ್ತದೆ. ಇದಕ್ಕೆ ರೆಕ್ಕೆಯ ಕೆಳಗೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟದು. ನೆಲದ ಮೇಲೆ ನಾಯಿ ಕೂತ ಹಾಗೆ ಮೂಗೆತ್ತಿ ಕೂರುತ್ತದೆ. ಈ ಜಾತಿಯಲ್ಲಿ ಇದಕ್ಕಿಂತ ದೊಡ್ಡವನ್ನೂ ಕಟ್ಟಿದ್ದರು, ನಾಲ್ಕು ಎಂಜಿನ್ನಿನವು, ಎಂಟು ಎಂಜಿನ್ನಿನದೂ ಒಂದು. ಅವು ಹೆಚ್ಚಾಗಿ ಮ್ಯೂಸಿಯಂ ಸೇರಿದವು, ಇಲ್ಲವೇ ಗುಜರಿ ಸೇರಿದವು. ದಿನಾ ಸಾಮಾನು ಹೊತ್ತು ದುಡಿಯುವುದಕ್ಕೆ ಉಳಿದಿದ್ದರಲ್ಲಿ ಇದೇ ದೊಡ್ಡದು.

ಉಲ್ಟಾ ಆಟೋ

ಗೊತ್ತಾಗಿದ್ದ ನನ್ನ ಮದುವೆ ಕಾರಣ ತಿಳಿಯದೆ ಮುರಿದುಬಿದ್ದ ವರ್ಷ, ರಜೆಗೆ ಬಂದಾಗ ಆಂಡರ್ಸನ್‌ಪೇಟೆಯಲ್ಲಿ ಒಂದು ಆಟೋ ಹತ್ತಿದೆ. ಡ್ರೈವರ್ ನನ್ನ ಕೆಲಸ ಏನೆಂದು ಕೇಳಿದ. ಹೇಳಿದೆ. ಚಕ್ರದ ವಿಷಯ ಕೇಳಿ ಗಾಡಿಯನ್ನೇ ನಿಲ್ಲಿಸಿದ.

"ನಂದು ಮುಂದೆ ಒಂದು, ಇಂದೆ ಎರಡು. ನಿಂದು ಮುಂದೆ ಎರಡು, ಇಂದೆ ಒಂದು. ಅಂದ್ರೆ ಉಲ್ಟಾ ಆಟೋ ಅನ್ನಿ ಸಾರ್!"

"ಹೌದಪ್ಪ. ಭಾರ ಎಲ್ಲ ದೊಡ್ಡ ಚಕ್ರದ ಹಿಂದೆ ಇರತ್ತೆ. ಇಳಿಯುವಾಗ ಮೂಗು ಒಂಚೂರು ಸೊಟ್ಟ ಆದರೂ ಬಾಲ ಗಿರ್ರನೆ ಸುತ್ತಿಕೊಂಡು ಮುಂದಕ್ಕೆ ಬಂದುಬಿಡತ್ತೆ. ಮೂಗು ಮೇಲಿರೋದರಿಂದ ನೆಲದಲ್ಲಿ ಓಡುವಾಗ ಎದುರಿಗಿರೋದು ಕಾಣೋದೂ ಇಲ್ಲ. ನೀನು ಗಾಜಿಗೆ ಗೋಣಿಚೀಲ ಕಟ್ಟಿಕೊಂಡು ಬಂಗಾರಪೇಟೆವರೆಗೂ ರಿವರ್ಸ್‌ನಲ್ಲಿ ಓಡಿಸಿದ ಹಾಗೆ."

ಅವನು ಮತ್ತೆ ಗಾಡಿ ಶುರುಮಾಡಿದ. "ಅದ್ರಲ್ಲಿ ಜನ ಕೂತ್ಕೋತಾರಾ?"

"ಇಲ್ಲ, ಬರೀ ಸಾಮಾನು."

"ಅದೇ ಅಂದ್ಕೊಂಡೆ. ಸಾಮಾನಾದ್ರೆ ಕಿರಿಚ್ಕೊಳಲ್ಲ."

ಮೊದಲ ಕೇಜು

ಬಾವ ಈಗಿಲ್ಲ. ಇದ್ದಾಗ, ನಾನು ಬಂದರೆ ಅವನಿಗೆ ವಿಮಾನದ ಕಥೆಯೇ ಬೇಕು. ಗಣಿಯ ಧೂಳು ಕುಡಿದು ಅವನ ಶ್ವಾಸಕೋಶ ಕಲ್ಲುಗಟ್ಟಿತ್ತು. ಎರಡು ಮಾತಿಗೊಮ್ಮೆ ಕೆಮ್ಮು. ಆದರೂ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು, "ಊಂ, ಏಳ್ಲಾ" ಅನ್ನುತ್ತಿದ್ದ.

ಒಂದು ಸಲ ಶವಪೆಟ್ಟಿಗೆಯ ಕಥೆ ಹೇಳಿದೆ. ಪಟ್ಟಣದ ಆಸ್ಪತ್ರೆಯಲ್ಲಿ ತೀರಿಹೋದ ಒಬ್ಬ ಅಜ್ಜಿಯನ್ನು ನಮ್ಮ ವಿಮಾನದಲ್ಲಿ ಅವರ ಊರಿಗೆ ಒಯ್ಯಬೇಕಿತ್ತು. ಬಾಗಿಲು ಬಾಲದ ಕಡೆ. ಒಳಗೆ ನೆಲವೆಲ್ಲ ಇಳಿಜಾರು, ಮೂಗಿನ ಕಡೆಗೆ ಹೋಗುವುದೆಂದರೆ ಗುಡ್ಡ ಹತ್ತಿದಂತೆ. ನಾನು ಕೆಳಗಿನಿಂದ ತಳ್ಳುತ್ತಿದ್ದೆ, ಮೇಲೆ ಎಳೆಯುತ್ತಿದ್ದವನು ಹಿಮದ ಬೂಟಿನಲ್ಲಿ ಜಾರಿದ. ಪೆಟ್ಟಿಗೆ ನನ್ನನ್ನೂ ಕರೆದುಕೊಂಡು ಸೀದಾ ಬಾಲದವರೆಗೆ ಇಳಿಯಿತು. ನಾನು ನಾಚಿಕೆಯಿಂದ ಎದ್ದು ನೋಡಿದರೆ ಅಜ್ಜಿಯ ಮಗ ಬಾಗಿಲಲ್ಲೇ ನಿಂತಿದ್ದಾನೆ. "ಇರಲಿ ಬಿಡಿ, ಅಮ್ಮ ಬಸ್ಸಲ್ಲೂ ಹಿಂದಿನ ಸೀಟಲ್ಲೇ ಕೂರೋಳು" ಅಂದ.

ಬಾವ ನಗಲಿಲ್ಲ. "ನಮ್ಮಲ್ಲಿ ಎಣಕ್ಕೆ ಮರ್ವಾದೆ ಜಾಸ್ತಿ" ಅಂದ. "ಕಲ್ಲು ಬಿದ್ದು ಯಾರಾನ ಸತ್ರೆ, ಮ್ಯಾಕೆ ಓಗೋ ಮೊದಲ್ನೇ ಕೇಜು ಅವನ್ದು. ಶಿಫ್ಟು ಮುಗಿಸಿದೋರು ಆಮೇಲೆ. ಒಂದಿನ ಇಂಗೇ ಒಬ್ಬ ಓದ. ಎಲ್ಲಾರೂ ಅಳ್ತಾ ನಿಂತಿದೀವಿ. ಕೇಜು ಬಂತು. ನೋಡಿದ್ರೆ ನೆಲದ ಮೇಲೆ ಎರಡು ಎಣ!"

"ಇನ್ನೊಬ್ಬ ಯಾರು?"

"ನಮ್ಮ ಗ್ಯಾಂಗಿನೋನೇ. ಡಬಲ್ ಶಿಫ್ಟು ಮಾಡಿ ಸುಸ್ತಾಗಿದ್ದ. ಮೇಸ್ತ್ರಿ ಒದ್ದು ಎಬ್ಬಿಸಿದ್ರೆ ಅಂತಾನೆ, 'ಸುಮ್ಕಿರಣ್ಣ, ಅವನೊಬ್ಬನೇ ಓಗ್ಬೇಕಲ್ಲ ಅಂತ ಮಲಗ್ದೆ.'"

ಇಳಿಯುವ ದಾರಿ

ಬಾವನ ಉಸಿರು ತೀರಾ ಕೆಟ್ಟಾಗ ಬಂಗಾರಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದೆ. ವಯಸ್ಸಾದವರು, ಒಳ್ಳೆಯವರು. ಎಕ್ಸ್‌ರೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಸಣ್ಣದಾಯಿತು. ಮಾತು ತಪ್ಪಿಸಲಿಕ್ಕೋ ಏನೋ, ನನ್ನ ಕಡೆ ತಿರುಗಿ, "ನೀವೇನು ಮಾಡ್ತೀರಿ?" ಅಂದರು.

ಹೇಳಿದೆ. ಅವರಿಗೆ ವಿಮಾನದ ಹುಚ್ಚು ಅಂತ ನನಗೇನು ಗೊತ್ತು! ಅಷ್ಟು ದೊಡ್ಡದನ್ನು ಹೇಗೆ ಇಳಿಸ್ತೀರಿ ಎಂದು ಶುರುಮಾಡಿದರು. ನಾನೂ ಉಬ್ಬಿದೆ. ಅವರ ಪೆನ್ ಸ್ಟ್ಯಾಂಡನ್ನು ವಿಮಾನ ಮಾಡಿ, ಮೊದಲು ಮುಂದಿನ ಚಕ್ರ ಊರಬೇಕು, ವೇಗ ಕಳೆದ ಮೇಲೆ ಬಾಲ ಇಳಿಸಬೇಕು, ಅಡ್ಡಗಾಳಿ ಬಂದರೆ ಕಾಲಲ್ಲಿ ಬಾಲ ತಿರುಗಿಸುವ ರಡ್ಡರ್ ಪೆಡಲ್ ತುಳೀತಾನೇ ಇರಬೇಕು ಎಂದು ಮೇಜಿನ ಮೇಲೆಲ್ಲ ಇಳಿಸಿ ತೋರಿಸಿದೆ. ಎಕ್ಸ್‌ರೇ ಕೆಳಗೆ ಬಿತ್ತು. ನಾವಿಬ್ಬರೂ ನೋಡಲಿಲ್ಲ.

ಬಾವ ಕೆಮ್ಮನ್ನು ತಡೆದುಕೊಂಡು ಕೈ ಎತ್ತಿದ.

"ಡಾಕ್ಟ್ರೇ, ನಾನೂ ಇಳೀತಾ ಇದೀನಿ. ಒಸಿ ಈ ಕಡೆ ನೋಡಿ."

ಎಡೆ

ಆ ಚಳಿಗಾಲದಲ್ಲಿ ನಮ್ಮ ವಿಮಾನ ಬಿತ್ತು. ಬಿತ್ತು ಅನ್ನುವುದೂ ತಪ್ಪು, ಇಳಿದೇ ಇತ್ತು. ಚಕ್ರ ನೆಲ ಮುಟ್ಟಿ ಓಡುವಾಗ ಪಕ್ಕದಿಂದ ಗಾಳಿ ಬಡಿಯಿತು, ಕೆಳಗೆ ಮಂಜುಗಡ್ಡೆ, ಬಾಲ ಸುತ್ತಿತು. ಎಡಗಡೆ ಪೂರ್ತಿ ಹಿಮದ ದಿಬ್ಬಕ್ಕೆ ಅಪ್ಪಳಿಸಿತು. ಎಡಗಡೆ ಕೂತವರು ನಮ್ಮ ಕ್ಯಾಪ್ಟನ್. ನನಗೆ ಎಲ್ಲ ಕಲಿಸಿದ ಮುದುಕ. ಕೊನೆಯವರೆಗೂ ಅವರ ಕಾಲು ರಡ್ಡರ್ ಮೇಲೇ ಇತ್ತು. ಬೆಂಕಿ ಹತ್ತುವ ಮೊದಲು ನೆಲದ ಮೇಲಿದ್ದ ಕೆಲಸಗಾರರು ಓಡಿಬಂದು ನನ್ನನ್ನು ಹೊರಗೆಳೆದರು. ಅವರನ್ನು ಎಳೆಯಲಾಗಲಿಲ್ಲ.

ಕಂಪನಿಯವರು ಊರಿನಲ್ಲಿ ನಮ್ಮ ಮನೆಗೆ ಫೋನ್ ಮಾಡಿದರು. ಬಾವ ಎತ್ತಿದ. ಅಲ್ಲಿಂದ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರಂತೆ. ಅವನಿಗೆ ತಿಳಿದದ್ದು ಒಂದೇ, 'ಕ್ಯಾಪ್ಟನ್ ಸತ್ತರು'. ನಮ್ಮ ಬೀದಿಯಲ್ಲಿ ಕ್ಯಾಪ್ಟನ್ ಅಂದರೆ ನಾನು. ಎಷ್ಟು ಬೇಡವೆಂದರೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಆಮೇಲೆ ಬಂದ ಫೋನನ್ನು ಬಾವ ಎತ್ತಲೇ ಇಲ್ಲ, ಇನ್ನೇನು ಕೇಳೋದಿದೆ ಅಂತ. ನನ್ನ ಮೊಬೈಲು ಸುಟ್ಟಿತ್ತು, ಯಾರ ನಂಬರೂ ಬಾಯಿಗೆ ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟಕೂಡಲೇ ಮುರಿದ ಕೈ ಕಟ್ಟಿಕೊಂಡು ಹೊರಟೆ. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡು ಬಂದೆ.

ಮನೆಗೆ ಬೀಗ. ಪಕ್ಕದ ಮನೆಯ ತಮಿಳು ಅಜ್ಜಿ ನನ್ನನ್ನು ಕಂಡು "ಕಡವುಳೇ!" ಎಂದು ದೇವರನ್ನು ಕರೆದು ಕಿರುಚಿ ಬಾಗಿಲು ಹಾಕಿಕೊಂಡಳು. ಒಳಗಿನಿಂದಲೇ, "ಎಲ್ಲಾರೂ ಸ್ಮಶಾನದಲ್ಲವ್ರೆ, ಅಲ್ಲಿಗೇ ಓಗಪ್ಪ, ಇಲ್ಲಿ ನಿಂತ್ಕೋಬ್ಯಾಡ" ಅಂದಳು.

ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಆಚೆ ಹೋದೆ. ಹೆಣವಿಲ್ಲದ್ದಕ್ಕೆ ನನ್ನ ಫೋಟೋ ಇಟ್ಟಿದ್ದರು. ಅದರ ಮುಂದೆ ಎಲೆ, ಎಲೆಯಲ್ಲಿ ಮುದ್ದೆ, ಅವರೆಕಾಳು ಸಾರು, ವಡೆ. ನನಗೆ ಗಂಡು ದಿಕ್ಕು ಇನ್ನಾರೂ ಇಲ್ಲವೆಂದು ಬಾವನೇ ತಲೆ ಬೋಳಿಸಿ, ಪ್ರಾಣದಂತೆ ಸಾಕಿದ ಮೀಸೆಯನ್ನೂ ತೆಗೆಸಿ, ಏದುಸಿರು ಬಿಡುತ್ತಾ ಕೂತಿದ್ದ. ಎಲ್ಲರ ಬೆನ್ನು ನನ್ನ ಕಡೆಗಿತ್ತು. ಕಾಗೆ ಮಾತ್ರ ಎಡೆ ಮುಟ್ಟುತ್ತಿಲ್ಲ, ಬೇಲಿಯ ಮೇಲೆ ಕೂತು ನೋಡುತ್ತಿದೆ.

"ಏನೋ ಆಸೆ ಇಟ್ಕೊಂಡು ಓಗವ್ನೆ" ಎಂದು ಅಕ್ಕ ಅತ್ತಳು. ನಾನು ಕರೆಯಬೇಕು ಅನ್ನುವಷ್ಟರಲ್ಲಿ ಬಾವ ಕಾಗೆಗೆ ಕೈ ಮುಗಿದ.

"ಲೇ, ನಿನ್ನ ಸಿಟ್ಟು ಯಾಕೆ ಅಂತ ನಂಗೊತ್ತು ಕಣ್ಲಾ. ನಿನ್ನ ಮದ್ವೆ ತಪ್ಸಿದ್ದು ನಾನೇ. ನೀನು ಕುಡೀತೀಯ ಅಂತ ಆ ಎಣ್ಣಿನ ಮನೇವ್ರಿಗೆ ಏಳಿದ್ದೂ ನಾನೇ. ಇಂತಾ ಇಮಾನ ಓಡ್ಸೋನ್ನ ಕಟ್ಕೊಂಡ್ರೆ ಎಣ್ಣು ಮುಂಡೆ ಆಗ್ತದೆ ಅಂತ ಎದರ್ಕೊಂಡೆ. ಈಗ ನೀನೇ ನೋಡು, ಸತ್ತೋದೆ. ನಾನು ಮಾಡಿದ್ದೇ ಸರಿ ಆಯ್ತಾ ಇಲ್ವಾ? ಬಾ, ತಿನ್ನು."

"ಬಾವಾ!" ಅಂದೆ.

ಹೆಂಗಸರು ಕಿರುಚಿಕೊಂಡು ಎದ್ದರು. ಅಕ್ಕ ಓಡಿಬಂದು ನನ್ನ ಮುಖ ಸವರಿ, ಬೆವರು ಕಂಡು ದೆವ್ವವಲ್ಲವೆಂದು ಖಾತ್ರಿಯಾದಮೇಲೆ ಕೆನ್ನೆಗೆ ಬಾರಿಸಿ, ತಬ್ಬಿಕೊಂಡು ಅತ್ತಳು. ಬಾವ ಎದ್ದೇಳಲಿಲ್ಲ. ಎದ್ದೇಳುವ ಉಸಿರು ಅವನಲ್ಲಿರಲಿಲ್ಲ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಕಣ್ಣೀರು ಬೋಳಿಸಿದ ತುಟಿಯ ಮೇಲೆ ಇಳಿಯುತ್ತಿತ್ತು. ಎಲೆಯನ್ನು ನನ್ನ ಕಡೆ ಸರಿಸಿದ.

"ಕೂತ್ಕೊ, ತಿನ್ನು. ಆ ಎಣ್ಣಿನ ಮಾತು ಕಾಗೆಗೆ ಏಳಿದ್ದು ಕಣ್ಲಾ, ನಿಂಗಲ್ಲ."