ಹನ್ನೊಂದು ಬಿಳಿ ಅಂಗಿ, ಒಂದು ಬಿಸಿಲಿನ ಕ್ರೀಮು

ಶಾಯಿ, ಗ್ರೀಸು, ರಕ್ತ, ಯಾವ ಕಲೆಯೂ ನಲವತ್ತು ವರ್ಷಗಳಲ್ಲಿ ನನ್ನ ಕೈಯಿಂದ ಜೀವಂತ ತಪ್ಪಿಸಿಕೊಂಡದ್ದಿಲ್ಲ. ಈ ವಿದ್ಯೆಯನ್ನು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ಬಕೆಟ್ಟೇ ನನ್ನ ಪಾಠಶಾಲೆ. ಹಾಗಾಗಿ ಕ್ರಿಕೆಟ್ ತಂಡದ ಕ್ಯಾಪ್ಟನ್ ಹನ್ನೊಂದು ಬಿಳಿ ಅಂಗಿಗಳನ್ನು ನಮ್ಮ ಲಾಂಡ್ರಿಗೆ ತಂದಾಗ ಮೀಸೆ ತಿರುವಿದೆ.

"ಕಾಲರಿಗೆಲ್ಲ ಹಳದಿ ಹಿಡಿದಿದೆ ಅಜ್ಜಾ. ನಾಳೆ ಮ್ಯಾಚು. ಇದು ಹೋಗದಿದ್ರೆ ಮೆಷಿನ್ ಲಾಂಡ್ರಿಗೆ ಕೊಡ್ತೀವಿ."

"ಕಣ್ಣು ಕುಕ್ಕೋ ಹಾಗೆ ಕೊಡ್ತೀನಿ, ಹೋಗಪ್ಪ."

ಹೆಂಡತಿ ಒಂದು ಕಾಲರನ್ನು ಮೂಸಿದಳು. "ಇದು ಬೆವರಲ್ಲ, ಬಿಸಿಲಿಗೆ ಹಚ್ಕೊಳ್ಳೋ ಕ್ರೀಮು. ಮಗಳನ್ನ ಒಂದು ಮಾತು ಕೇಳಿ." ಮಗಳದು ಔಷಧಿ ಅಂಗಡಿ.

"ಅಂಗಿ ತೊಡಿಸಿ ಬೆಳೆಸಿದವನಿಗೇ ಅವಳು ಅಂಗಿ ಪಾಠ ಹೇಳ್ತಾಳಾ?"

ಎರಡು ಹಿಡಿ ಬ್ಲೀಚಿಂಗ್ ಪೌಡರ್ ಸುರಿದೆ. ಹಳದಿ ಕಿತ್ತಳೆಯಾಯಿತು. ರೋಷ ಬಂದು ಇನ್ನೆರಡು ಹಿಡಿ ಸುರಿದೆ. ಹನ್ನೊಂದು ಕಾಲರುಗಳೂ ನಾಚಿದ ಮದುಮಗಳ ಕೆನ್ನೆಯಂತೆ ಗುಲಾಬಿಯಾದವು.

"ಬೆಳ್ಳಗಾಯ್ತಾ?"

"ಬೆಳ್ಳಗಾಗೋ ದಾರೀಲಿದೆ."

"ದಾರಿ ತಪ್ಪಿದ ಹಾಗಿದೆ," ಎಂದವಳೇ ಮಗಳನ್ನು ಕರೆಸಿದಳು.

"ಅಪ್ಪಾ, ಆ ಕ್ರೀಮಲ್ಲಿ ಅವೊಬೆಂಜೋನ್ ಅಂತ ಇರುತ್ತೆ. ಬಿಸಿಲಿನ ಕಿರಣವನ್ನ ಹೀರ್ಕೊಳ್ಳೋದು ಅದೇ. ನಮ್ಮ ಕೊಳವೆಬಾವಿ ನೀರಲ್ಲಿ ಕಬ್ಬಿಣ ಜಾಸ್ತಿ. ಎರಡೂ ಸೇರಿದ್ರೆ ತುಕ್ಕಿನ ಬಣ್ಣ. ಬ್ಲೀಚ್ ಹಾಕಿದ್ರೆ ಇನ್ನೂ ಕೆಡುತ್ತೆ."

ಸೋಲೊಪ್ಪುವ ಜಾಯಮಾನ ನನ್ನದಲ್ಲ. "ಬಟ್ಟೆಗೇ ಈ ಗತಿ ತಂದದ್ದು ಮುಖವನ್ನ ಸುಮ್ಮನೆ ಬಿಡುತ್ತಾ?"

"ಮುಖವನ್ನ ಯಾರೂ ಬ್ಲೀಚಿಂಗ್ ಪೌಡರಲ್ಲಿ ನೆನೆಹಾಕಲ್ಲ," ಎಂದಳು ಹೆಂಡತಿ.

ಮಗಳು ತುಕ್ಕು ತೆಗೆಯುವ ಪುಡಿ ತಂದುಕೊಡುವಷ್ಟರಲ್ಲಿ ಮರುದಿನ ಬೆಳಗಾಗಿ, ಆಟಗಾರರು ಗುಲಾಬಿ ಕಾಲರಿನಲ್ಲೇ ಮೈದಾನಕ್ಕೆ ಹೋಗಿಬಿಟ್ಟಿದ್ದರು. ಅವರು ಅಂಗಿ ಒಯ್ಯಲು ಬಂದಾಗ ನಾನು ಇಸ್ತ್ರಿ ಮೇಜಿನ ಹಿಂದೆ ಅಡಗಿ ಕುಳಿತಿದ್ದೆ. ಸಂಜೆ ಅಂಗಿಗಳ ಗಂಟನ್ನು ಬಾಗಿಲಲ್ಲಿ ಎಸೆದು ಹೋದರು. ಆಗಲೂ ನಾನು ಮೇಜಿನ ಹಿಂದಿನಿಂದ ಏಳಲಿಲ್ಲ. ಮಾನ ಉಳಿಸಿಕೊಳ್ಳಲು ಇದೇ ಕೊನೆಯ ಅವಕಾಶವೆಂದು ಗಂಟು ಬಿಚ್ಚಿದೆ. ಕುಡಿಯುವ ಫಿಲ್ಟರ್ ನೀರು, ಮಗಳ ಪುಡಿ, ಹೆಂಡತಿಯ ಅಪ್ಪಣೆ: ಮೂರೂ ಸೇರಿ ಅಂಗಿಗಳು ಮಲ್ಲಿಗೆಯಾದವು.

ಮಾರನೆಯ ದಿನ ಕ್ಯಾಪ್ಟನ್ ಎದುರು ಒಂದನ್ನು ಬಾವುಟದಂತೆ ಬಿಡಿಸಿ ಹಿಡಿದೆ. ಅವನ ಮುಖ ಕಪ್ಪಿಟ್ಟಿತು.

"ಗುಲಾಬಿ ಎಲ್ಲಜ್ಜಾ?"

"ತೆಗೆದುಬಿಟ್ಟೆ, ನೋಡು!"

"ಅಯ್ಯೋ, ಏಳು ಮ್ಯಾಚು ಸೋತವರು ನಿನ್ನೆ ಗೆದ್ವಿ. ನಮ್ಮ ಕಾಲರ್ ನೋಡಿ ನಕ್ಕೂ ನಕ್ಕೂ ಅವರ ಬೌಲರಿಗೆ ಚೆಂಡೇ ಹಾಕಕ್ಕಾಗ್ಲಿಲ್ಲ. ಭಾನುವಾರದೊಳಗೆ ಅದೇ ಬಣ್ಣ ಬರ್ಬೇಕು. ಬಂದ್ರೆ ಇಡೀ ಲೀಗಿನ ಬಟ್ಟೆ ನಿಮಗೇ."

ಈಗ ನಾನು ಚಮಚ ಹಿಡಿದು ಕಾಲರಿನಿಂದ ಕಾಲರಿಗೆ ಕ್ರೀಮು ಬಳಿದು ಬ್ಲೀಚಿನ ಬಕೆಟ್ಟಿಗೆ ಅದ್ದುತ್ತಿದ್ದೇನೆ. ಹೆಂಡತಿ ಕನ್ನಡಕವೇರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ.

"ಒಂಬತ್ತನೇದು ಸರಿಯಾಗಿ ಕೆಟ್ಟಿಲ್ಲ. ಇನ್ನೊಂದು ಸಲ ಕೆಡಿಸಿ."