ನನ್ನ ಮಾತ್ರೆ ನಾನೊಬ್ಬಳೇ ನುಂಗಲು ಅಪ್ಪಣೆ ಕೋರಿ

ಇಂದ:
ಯಾಮಿನಿ, ಬಿ.ಎ.,
ತಮ್ಮ ಹಿರಿಯ ಮಗನ ಮಗಳು,
ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು.

ಗೆ:
ಶ್ರೀಮತಿ ಅಮ್ಮಾಜಮ್ಮನವರು (ಅಜ್ಜಿ),
ಅಡುಗೆಮನೆ ಹಾಗೂ ಬೀರುವಿನ ಬೀಗದಕೈ ಅಧಿಕಾರಿಗಳು,
ಅದೇ ಮನೆ.

ವಿಷಯ: ತೂಕ ಇಳಿಸುವ ಆಪರೇಷನ್ ಆದ ನಾನು ಜೀವಮಾನವಿಡೀ ನುಂಗಬೇಕಾದ ಮಾತ್ರೆಗಳನ್ನು ಮನೆಮಂದಿಗೆಲ್ಲ ಹಂಚುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: ೧. ಡಾಕ್ಟರಮ್ಮನವರ ಚೀಟಿ.
೨. "ಈ ಮನೇಲಿ ಯಾರೂ ಒಬ್ಬೊಬ್ರೇ ತಿನ್ನಂಗಿಲ್ಲ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಎದುರಿಗೆ ನಿಂತು ಹೇಳಲು ಹೋದಾಗಲೆಲ್ಲ ನನ್ನ ಮಾತು ಗೊಣಗಾಟವಾಗುವ ಕಾರಣ, ಹಾಗೂ ತಾವು "ಅದೇನ್ ಗೊಣಗ್ತೀಯೋ, ಗಟ್ಟಿಯಾಗ್ ಹೇಳಮ್ಮ" ಎಂದೊಡನೆ ಉಳಿದ ಧ್ವನಿಯೂ ಅಡಗುವ ಕಾರಣ, ಬರವಣಿಗೆಯಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

೧. ಕಳೆದ ವರ್ಷ ನನ್ನ ಹೊಟ್ಟೆಯನ್ನು ಕತ್ತರಿಸಿ ಬಾಳೆಹಣ್ಣಿನ ಗಾತ್ರಕ್ಕೆ ಇಳಿಸಲಾಗಿರುತ್ತದೆ. ಅದರಲ್ಲಿ ಹಿಡಿಯುವ ಊಟದಿಂದ ಬೇಕಾದ ಸತ್ವವೆಲ್ಲ ಸಿಗದ ಕಾರಣ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಬದುಕಿರುವವರೆಗೂ ಬೇಕು. ಇವು ಸಣ್ಣಗಾಗುವ ಮಾತ್ರೆಗಳಲ್ಲ.

೨. ಹೀಗಿರುವಲ್ಲಿ, ಡಬ್ಬಿಗಳು ಬಂದ ದಿನವೇ ತಾವು ಅವನ್ನು ಬೀರುವಿಗೆ ಸೇರಿಸಿ, ರೇಷ್ಮೆಹುಳುಗಳಿಗೆ ತಟ್ಟೆತಟ್ಟೆಗೂ ಸಮನಾಗಿ ಸೊಪ್ಪು ಉದುರಿಸುವ ಅದೇ ಕೈಯಿಂದ, ಊಟವಾದ ಮೇಲೆ ತಲೆಗೊಂದರಂತೆ ಹಂಚಲಾರಂಭಿಸಿದಿರಿ. ಚಿಕ್ಕಪ್ಪ ಮೋಹನ್‌ಬಾಬು ಅವರು ಕ್ಯಾಲ್ಸಿಯಂ ಮಾತ್ರೆಯನ್ನು ಅಡಿಕೆಯಂತೆ ಅಗಿದು "ಪರವಾಗಿಲ್ಲ, ಇನ್ನೊಂದ್ ಕೊಡಮ್ಮ" ಎಂದರು. ಚಿಕ್ಕಮ್ಮ ಭಾನುಪ್ರಿಯಾ ಅವರು ಸಣ್ಣಗಾಗುವ ಆಸೆಯಿಂದ ನನ್ನ ಪಾಲನ್ನೂ ಕೇಳಿ ಪಡೆದರು. "ನೀನಾಗ್ಲೇ ಕಡ್ಡಿ ಆಗಿದೀಯ ಕಣೇ, ಇನ್ನೂ ನುಂಗಿದ್ರೆ ಗಾಳಿಗ್ ಹಾರೋಗ್ತೀಯ" ಎಂದು ನನಗೆ ಹೇಳಿ, ತಾವು ಅದನ್ನು ಅನುಮೋದಿಸಿದಿರಿ.

೩. ಡಾಕ್ಟರಮ್ಮ ನನಗೆಂದು ಬರೆದ ಪ್ರೋಟೀನ್ ಪುಡಿಯು ಹುರಿಹಿಟ್ಟು, ಬೆಲ್ಲದೊಂದಿಗೆ ಸೇರಿ ಉಂಡೆಯಾಯಿತು. ಉಂಡೆ ತಿಂದ ನನಗೆ ಬೆವರು, ಎದೆಬಡಿತ, ತಲೆಸುತ್ತು ಬಂದದ್ದು ಕತ್ತರಿಸಿದ ಹೊಟ್ಟೆಗೆ ಒಗ್ಗದ ಬೆಲ್ಲದಿಂದ, ದೃಷ್ಟಿಯಿಂದಲ್ಲ. ಆದ್ದರಿಂದ ನೀವಾಳಿಸಿ ಒಲೆಗೆ ಹಾಕಿದ ಮೆಣಸಿನಕಾಯಿ ವ್ಯರ್ಥವಾಗಿರುತ್ತದೆ. ಕೆಮ್ಮು ಮಾತ್ರ ಎಲ್ಲರಿಗೂ ಸಮಪಾಲು ಸಿಕ್ಕಿತು.

೪. ಪರಿಣಾಮವಾಗಿ ಚಿಕ್ಕಮ್ಮನ ಮುಖದಲ್ಲಿ ಕಳೆ ಬಂದಿದೆ. ನನ್ನ ಕೂದಲು ಬಾಚಣಿಗೆಯಲ್ಲಿದೆ. ಮೊನ್ನೆ ರಕ್ತದ ವರದಿ ನೋಡಿದ ಡಾಕ್ಟರಮ್ಮ, "ಮಾತ್ರೆ ತಗೋತಿದೀಯೇನಮ್ಮ, ನಿಜ ಹೇಳು" ಎಂದರು. "ಎಲ್ರೂ ತಗೋತಿದೀವಿ ಮೇಡಂ" ಎಂದೆ. ಅವರು ಪೆನ್ನು ಕೆಳಗಿಟ್ಟರು. ಬಳಿಕ ಇಂಜೆಕ್ಷನ್ನೂ ಬರೆದರು. ಅದರಲ್ಲಿ ಈವರೆಗೆ ಮನೆಯಲ್ಲಿ ಯಾರೂ ಪಾಲು ಕೇಳಿರುವುದಿಲ್ಲ.

೫. ಈಗ ನನ್ನ ಪಾದಗಳು ಜುಮುಗುಡುತ್ತಿವೆ. ಹೀಗೇ ಬಿಟ್ಟರೆ ನರಗಳು ಸೋತು ನಡಿಗೆಯೇ ತಪ್ಪಬಹುದಂತೆ. ಬರುವ ತಿಂಗಳು ಗೌರಿಬಿದನೂರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಬೇಕು; ದಿನವಿಡೀ ಬೋರ್ಡಿನ ಮುಂದೆ ನಿಲ್ಲಬೇಕು. ಅಜ್ಜಿ, ನನಗೆ ಭಯವಾಗ್ತಿದೆ. ಹಿಂದಿನ ವಾಕ್ಯವು ಅರ್ಜಿಯ ನಮೂನೆಗೆ ಹೊಂದದಿರುವುದಕ್ಕೆ ಮನ್ನಿಸಬೇಕು.

೬. ತಮ್ಮ ಪದ್ಧತಿಯನ್ನು ದೂರುವುದು ಉದ್ದೇಶವಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ನಾನು ಬೇಳೆಕಟ್ಟಿನ ತಿಳಿ ಮಾತ್ರ ಕುಡಿಯುತ್ತಿದ್ದಾಗ, ತಾವು ಮುದ್ದೆ ಪಕ್ಕಕ್ಕಿಟ್ಟು ಅದನ್ನೇ ಕುಡಿದು "ಮಗು ಒಂದೇ ಹೆಂಗ್ ಕುಡೀತದೆ" ಎಂದಿರಿ. ಆ ಕಾರಣದಿಂದಲೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ಆದ್ದರಿಂದ, ಮಾತ್ರೆಗಳನ್ನು ನಾನೊಬ್ಬಳೇ ನುಂಗಲು; ಪುಟ್ಟ ಹೊಟ್ಟೆಗೆ ಸತ್ವ ಮುಂಚೆ ಸೇರುವಂತೆ ಮೊದಲು ಮೊಟ್ಟೆ, ಕಾಳು ತಿಂದು ಮುದ್ದೆಯನ್ನು ಕೊನೆಗೆ ಗೋಲಿಯಷ್ಟು ತಿನ್ನಲು; ಹಾಗೂ ಇದನ್ನು ಹೊಟ್ಟೆಬಾಕತನವೆಂದು ಪರಿಗಣಿಸದಿರಲು ಆದೇಶಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ ಮತ್ತು ಮೊಮ್ಮಗಳು,
ಯಾಮಿನಿ

ಲಗತ್ತುಗಳು: ರಕ್ತದ ವರದಿ, ಡಾಕ್ಟರಮ್ಮನ ಚೀಟಿ, ಖಾಲಿ ಡಬ್ಬಿಗಳು.

ವಿ.ಸೂ.: ಈ ಅರ್ಜಿಯನ್ನು ತಾವೊಬ್ಬರೇ ಓದಿಕೊಳ್ಳಬೇಕು. ದಯಮಾಡಿ ಎಲ್ಲರಿಗೂ ಹಂಚಬಾರದಾಗಿ ವಿನಂತಿ.